ಲಿಯೂ ತ್ಸಿಶಿನ್: ವಿದ್ಯುತ್ ಸ್ಥಾವರದ ಮೇಜಿನಲ್ಲಿ ಕೂತು ಬ್ರಹ್ಮಾಂಡ ಬರೆದವರು

ಕೆರೆದಂಡೆ:

ಮೂರು ತಿಂಗಳಿಂದ ಚೀನಾದ ವೈಜ್ಞಾನಿಕ ಕಥೆಗಾರ ಲಿಯೂ ತ್ಸಿಶಿನ್ ಅವರನ್ನು ಬಿಟ್ಟು ಬೇರೆ ಯಾರನ್ನೂ ಓದಿಲ್ಲ. ಇಲ್ಲಿ ಅವರ ಕಾದಂಬರಿಯ ನೆಟ್‌ಫ್ಲಿಕ್ಸ್ ಸರಣಿ ನೋಡಿದವರು ಜಾಸ್ತಿ ಇದ್ದೀರಿ, ಪುಸ್ತಕ ಓದಿದವರೂ ಇದ್ದೀರಿ. ಆದರೆ ಆ ಮನುಷ್ಯ ಎಲ್ಲಿಂದ ಬಂದರು, ಹೇಗೆ ಬದುಕಿದರು ಅಂತ ನಾವು ಮಾತಾಡಿಯೇ ಇಲ್ಲ. ಅದಕ್ಕೇ ಈ ಚರ್ಚೆ. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

1970ರ ಏಪ್ರಿಲ್ 24ರಂದು ಚೀನಾ ತನ್ನ ಮೊದಲ ಉಪಗ್ರಹ ಹಾರಿಸಿತು. ಹೆಸರು ಡಾಂಗ್‌ಫಾಂಗ್‌ಹಾಂಗ್-1, ತೂಕ 173 ಕಿಲೋ. ಮಾರನೇ ದಿನ ಸಂಜೆ ಹೆನಾನ್ ಪ್ರಾಂತದ ಲುವೋಶಾನ್ ಸೀಮೆಯ ಒಂದು ಹಳ್ಳಿಯಲ್ಲಿ ಜನ ಕೆರೆ ದಂಡೆಯ ಮೇಲೆ ನಿಂತು ಆಕಾಶ ನೋಡುತ್ತಿದ್ದರು. ಅವರ ನಡುವೆ ಏಳು ತುಂಬದ ಒಬ್ಬ ಹುಡುಗ. ಕತ್ತಲಾಗುತ್ತಿದ್ದ ಆಕಾಶದಲ್ಲಿ ಒಂದು ಸಣ್ಣ ಚುಕ್ಕಿ ನಿಧಾನವಾಗಿ ಹಾದುಹೋಯಿತು. ಅದು ಹೋಗಿ ನಕ್ಷತ್ರಕ್ಕೆ ಬಡಿದುಬಿಟ್ಟರೆ ಏನು ಗತಿ ಅಂತ ಆ ಹುಡುಗನಿಗೆ ಭಯ. ಹೊಟ್ಟೆಯಲ್ಲಿ ಹಸಿವು. ಅವನ ಕಾಲಲ್ಲಿ ಶೂ ಇತ್ತು, ಜೊತೆಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಚಳಿಗಾಲದಲ್ಲಿ ಕೆಲವರ ಕಾಲಿಗೆ ಆದ ಹುಣ್ಣು ಏಪ್ರಿಲ್ ಬಂದರೂ ಮಾಗಿರಲಿಲ್ಲ. ಹಿಂದೆ ಗುಡಿಸಲುಗಳಲ್ಲಿ ಸೀಮೆಎಣ್ಣೆ ಬುಡ್ಡಿಯ ಬೆಳಕು. ಆ ಊರಿಗೆ ಕರೆಂಟ್ ಬಂದದ್ದು 1980ರ ದಶಕದಲ್ಲಿ.

ಇದನ್ನೆಲ್ಲ ಅವರೇ 'ಮೂರು ಕಾಯಗಳ ಸಮಸ್ಯೆ' ಕಾದಂಬರಿಯ ಇಂಗ್ಲಿಷ್ ಆವೃತ್ತಿಯ ಹಿನ್ನುಡಿಯಲ್ಲಿ ಬರೆದಿದ್ದಾರೆ. ನನಗೆ ಕಾದಂಬರಿಯಷ್ಟೇ ಆ ನಾಲ್ಕಾರು ಪುಟಗಳೂ ಮುಖ್ಯ ಅನ್ನಿಸಿದವು.

ಅವರು ಹುಟ್ಟಿದ್ದು 1963ರ ಜೂನ್‌ನಲ್ಲಿ, ಬೀಜಿಂಗ್‌ನಲ್ಲಿ. ಅಪ್ಪ ಕಲ್ಲಿದ್ದಲು ಗಣಿಗಳ ವಿನ್ಯಾಸ ಮಾಡುವ ಸಂಸ್ಥೆಯಲ್ಲಿದ್ದರು. ಮುಂದೆ ಅವರನ್ನು ಶಾನ್‌ಶಿ ಪ್ರಾಂತದ ಯಾಂಗ್‌ಚುಯೆನ್ ಎಂಬ ಗಣಿ ಊರಿಗೆ ಕಳಿಸಲಾಯಿತು. ಅಷ್ಟರಲ್ಲಿ ಮಾವೋ ಹುಟ್ಟುಹಾಕಿದ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಯಾಂಗ್‌ಚುಯೆನ್‌ನಲ್ಲಿ ಬಣಗಳು ಬಂದೂಕು ಹಿಡಿದು ಹೊಡೆದಾಡತೊಡಗಿದವು. ಮಗುವನ್ನು ಅಲ್ಲಿ ಇಟ್ಟುಕೊಳ್ಳುವುದು ಬೇಡ ಅಂತ ಅಪ್ಪ ಅಮ್ಮ ಹೆನಾನ್‌ನ ಹಳ್ಳಿಗೆ, ಅಜ್ಜ ಅಜ್ಜಿಯ ಹತ್ತಿರ ಕಳಿಸಿದರು. ಹಾಗೆ ಆ ಹುಡುಗ ಆ ಕೆರೆ ದಂಡೆಗೆ ಬಂದದ್ದು.

ಉಪಗ್ರಹ ನೋಡಿದ ವರ್ಷವೇ ಅವನ ಕೈಗೆ ಮಕ್ಕಳ ವಿಜ್ಞಾನದ ಪುಸ್ತಕಮಾಲೆಯ ಖಗೋಳದ ಸಂಪುಟ ಸಿಕ್ಕಿತು. ಅದರಲ್ಲಿ ಜ್ಯೋತಿರ್ವರ್ಷ ಅಂದರೆ ಏನು ಅಂತ ಓದಿದ. ಬೆಳಕು ಒಂದು ಸೆಕೆಂಡಿಗೆ ಭೂಮಿಯನ್ನು ಏಳು ಸುತ್ತು ಹಾಕಿ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಆದರೆ ಅದೇ ಬೆಳಕು ವರ್ಷವಿಡೀ ಓಡಿದರೆ ಎಷ್ಟು ದೂರ ಆಗುತ್ತದೆ ಎನ್ನುವುದು ಹೊಸದು. ಆ ಕೊರೆಯುವ ಕತ್ತಲು, ಆ ದೂರ ಕಣ್ಣಿಗೆ ಕಟ್ಟಿದ ಹಾಗೆ ಆಯಿತಂತೆ. ಬೇರೆಯವರಿಗೆ ಬರೀ ಅಂಕಿಯಾಗಿ ಕಾಣುವುದನ್ನು ತಾನು ಮರ ಬಂಡೆಗಳನ್ನು ಮುಟ್ಟಿದ ಹಾಗೆ ಮುಟ್ಟಬಲ್ಲೆ ಅಂತ ಅವನಿಗೆ ಗೊತ್ತಾದದ್ದು ಆಗ. ಅವರ ಬರವಣಿಗೆ ಪೂರ್ತಿ ಇಲ್ಲಿಂದಲೇ ಹೊರಟಿದೆ ಅಂತ ನನಗೆ ಅನ್ನಿಸುತ್ತದೆ. ಹಸಿದ ಹೊಟ್ಟೆ ಒಂದು ಕಡೆ, ಜ್ಯೋತಿರ್ವರ್ಷ ಒಂದು ಕಡೆ, ಎರಡೂ ಒಂದೇ ಪುಟದಲ್ಲಿ.

ಅದೇ ಹಿನ್ನುಡಿಯಲ್ಲಿ ಇನ್ನೊಂದು ನೆನಪು ಬರುತ್ತದೆ. 1975ರ ಆಗಸ್ಟ್‌ನಲ್ಲಿ ಹೆನಾನ್‌ನಲ್ಲಿ ಒಂದೇ ದಿನ ಸುಮಾರು ಒಂದು ಮೀಟರ್ ಮಳೆ ಬಿತ್ತು. ಬಾನ್‌ಚಿಯಾವೋ ಸೇರಿದಂತೆ 58 ಅಣೆಕಟ್ಟೆಗಳು ಒಂದಾದ ಮೇಲೊಂದು ಒಡೆದವು. ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತರು ಅಂತ ಅವರು ಬರೆಯುತ್ತಾರೆ. ಆ ನೀರು ಇಳಿದ ಸ್ವಲ್ಪ ದಿನಕ್ಕೆ ಅವರು ಊರಿಗೆ ಹೋದಾಗ ಗುಡ್ಡದ ತುಂಬಾ ಮನೆ ಕಳೆದುಕೊಂಡ ಜನ. ಲೋಕ ಮುಗಿದೇ ಹೋಯಿತು ಅನ್ನಿಸಿತಂತೆ. ಮುಂದೆ ಅವರ ಕಥೆಗಳಲ್ಲಿ ಸೂರ್ಯನೇ ಆರಿಹೋಗುವಾಗ, ಊರುಗಳು ಮುಳುಗುವಾಗ, ಜನ ಸಾಲಿನಲ್ಲಿ ನಿಂತು ಕಾಯುವಾಗ ಓದುವವರಿಗೆ ಸುಳ್ಳು ಅನ್ನಿಸುವುದಿಲ್ಲವಲ್ಲ, ಅದಕ್ಕೆ ಕಾರಣ ಆ ಗುಡ್ಡ ಅಂತ ನನ್ನ ನಂಬಿಕೆ.

ಪುಸ್ತಕದ ಗೀಳು ಹತ್ತಿದ್ದು ಅಪ್ಪನ ಮಂಚದ ಕೆಳಗಿನ ಪೆಟ್ಟಿಗೆಯಿಂದ. ಆಗ ಪಶ್ಚಿಮದ ಪುಸ್ತಕ ಮನೆಯಲ್ಲಿದ್ದರೆ ಅಪಾಯ. ಆ ಪೆಟ್ಟಿಗೆಯಲ್ಲಿ ಜೂಲ್ಸ್ ವರ್ನ್ ಬರೆದ ಭೂಗರ್ಭದ ಪ್ರಯಾಣದ ಕಥೆ ಇತ್ತು. ಹುಡುಗ ಅದನ್ನು ನಿಜ ಅಂದುಕೊಂಡೇ ಓದಿದ. ಇದಕ್ಕೆ ವೈಜ್ಞಾನಿಕ ಕಲ್ಪನೆ ಅನ್ನುತ್ತಾರೆ, ವಿಜ್ಞಾನದ ಮೇಲೆ ಕಟ್ಟಿದ ಕಥೆ ಅಂತ ಅಪ್ಪ ಹೇಳಿಕೊಟ್ಟರು.

ಆಮೇಲಿನದು ಸಾದಾ ಬದುಕು. ಜಲ ಮತ್ತು ವಿದ್ಯುತ್ ಓದುವ ಕಾಲೇಜು, ಅಲ್ಲಿಂದ ಶಾನ್‌ಶಿಯ ನಿಯಾಂಗ್‌ಜಿಗ್ವಾನ್ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಎಂಜಿನಿಯರ್ ಕೆಲಸ. ನಿಯಾಂಗ್‌ಜಿಗ್ವಾನ್ ಅಂದರೆ ತೈಹಾಂಗ್ ಬೆಟ್ಟಸಾಲಿನಲ್ಲಿ ಮಹಾಗೋಡೆಯ ಒಂದು ಹಳೆಯ ಕಣಿವೆ ಬಾಗಿಲು. ಸಾಹಿತಿಗಳ ಕೂಟ, ಪತ್ರಿಕಾ ಕಚೇರಿ, ಏನೂ ಇಲ್ಲದ ಜಾಗ. ಕೆಲಸ ಇರಲಿ ಬಿಡಲಿ, ಡ್ಯೂಟಿ ಮುಗಿಯುವ ತನಕ ಕಂಪ್ಯೂಟರ್ ಮುಂದೆ ಕೂತಿರಬೇಕು. ಆ ಹೊತ್ತಿನಲ್ಲೇ ತಾನು ಬಹಳಷ್ಟು ಬರೆದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಇದ್ದರು. 1989ರಲ್ಲಿ 'ಚೀನಾ 2185' ಅಂತ ಒಂದು ಕಾದಂಬರಿ ಬರೆದರು, ಅದು ಅಚ್ಚಾಗದೆ ಮುಂದೆ ಇಂಟರ್ನೆಟ್‌ನಲ್ಲಿ ಕೈಯಿಂದ ಕೈಗೆ ಹರಿದಾಡಿತು. ಕವಿತೆ ಬರೆಯುವ ಒಂದು ಸಾಫ್ಟ್‌ವೇರ್ ಕೂಡ ಮಾಡಿದ್ದರು.

ಮೊದಲ ಕಥೆ ಅಚ್ಚಾದದ್ದು 1999ರ ಜೂನ್‌ನಲ್ಲಿ, ಚೆಂಗ್ಡುವಿನ 'ಸೈನ್ಸ್ ಫಿಕ್ಷನ್ ವರ್ಲ್ಡ್' ಮಾಸಪತ್ರಿಕೆಯಲ್ಲಿ. ವಯಸ್ಸು ಆಗಲೇ 36. ಅಲ್ಲಿಂದ 2006ರ ತನಕ ಪ್ರತಿ ವರ್ಷ, ಸತತ ಎಂಟು ಸಲ, ವೈಜ್ಞಾನಿಕ ಕಥೆಗಳಿಗೆ ಕೊಡುವ ಚೀನಾದ ಗ್ಯಾಲಕ್ಸಿ ಪ್ರಶಸ್ತಿ. 2006ರಲ್ಲಿ ಅದೇ ಪತ್ರಿಕೆಯಲ್ಲಿ 'ಮೂರು ಕಾಯಗಳ ಸಮಸ್ಯೆ' ಧಾರಾವಾಹಿಯಾಗಿ ಬಂತು. 2008ರಲ್ಲಿ ಪುಸ್ತಕ. ಅದೇ ವರ್ಷ ಎರಡನೆಯ ಭಾಗ, 2010ರಲ್ಲಿ ಮೂರನೆಯದು. 2015ರಲ್ಲಿ ಹ್ಯೂಗೋ, ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಪ್ರಶಸ್ತಿ. ಕಾದಂಬರಿ ವಿಭಾಗದಲ್ಲಿ ಅದನ್ನು ಗೆದ್ದ ಏಷ್ಯಾದ ಮೊದಲ ಲೇಖಕ ಇವರೇ. ಹೆಸರು ಘೋಷಣೆ ಆದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ, ಗಗನಯಾತ್ರಿ ಚೆಲ್ ಲಿಂಡ್‌ಗ್ರೆನ್ ಬಾಯಿಂದ. ಉಪಗ್ರಹ ನಕ್ಷತ್ರಕ್ಕೆ ಬಡಿದೀತು ಅಂತ ಹೆದರಿದ್ದ ಹುಡುಗನ ಹೆಸರನ್ನು ಭೂಮಿ ಸುತ್ತುವ ನಿಲ್ದಾಣದಿಂದ ಓದಿದರು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಜುಮ್ ಅನ್ನುತ್ತದೆ.

ನೀವು ಓದಿದವರು ಬರೆಯಿರಿ. ಒಪ್ಪದೇ ಇದ್ದರೆ ಅದನ್ನೂ ಬರೆಯಿರಿ.

ಬಾಯ್ಲರ್ ಶಿಫ್ಟ್:

ಸಾರ್, ನಾನು ಉಷ್ಣ ವಿದ್ಯುತ್ ಸ್ಥಾವರದಲ್ಲೇ ಹತ್ತೊಂಬತ್ತು ವರ್ಷದಿಂದ ಇರುವವನು. ನೀವು ಆ ಸ್ಥಾವರದ ಮಾತನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿರಿ, ನನಗೆ ಅದೇ ಮುಖ್ಯ.

'ಅಲೆಮಾರಿ ಭೂಮಿ' ಕಥೆ ಓದಿ. ಸೂರ್ಯ ಇನ್ನೇನು ಸಿಡಿಯುತ್ತಾನೆ ಅಂತ ಗೊತ್ತಾಗಿ ಮನುಷ್ಯರು ಸಾವಿರಾರು ಎಂಜಿನ್ ಕಟ್ಟಿ ಇಡೀ ಭೂಮಿಯನ್ನೇ ಪಕ್ಕದ ನಕ್ಷತ್ರದ ಕಡೆ ತಳ್ಳಿಕೊಂಡು ಹೊರಡುತ್ತಾರೆ. ಎರಡೂವರೆ ಸಾವಿರ ವರ್ಷದ ಪ್ರಯಾಣ. ಬೇರೆ ಯಾರಾದರೂ ಆಗಿದ್ದರೆ ಹಡಗು ಕಟ್ಟಿಸಿ ಆಯ್ದ ಜನರನ್ನು ಹತ್ತಿಸುತ್ತಿದ್ದರು. ಇವರು ಮನೆ, ಮಣ್ಣು, ಸಮುದ್ರ ಸಮೇತ ಹೊರಡಿಸಿದರು. ಆ ಎಂಜಿನ್‌ಗಳಿಗೆ ಇಂಧನ ಅಂದರೆ ಬಂಡೆ. ಬೆಟ್ಟ ಕಡಿದು ತುಂಬುತ್ತಲೇ ಇರಬೇಕು. ಹಗಲು ರಾತ್ರಿ ಶಿಫ್ಟ್. ಕಲ್ಲಿದ್ದಲಿನ ವ್ಯಾಗನ್ ತಡವಾದರೆ ಕಂಟ್ರೋಲ್ ರೂಮಿನಲ್ಲಿ ಎಂಥ ಮೌನ ಇರುತ್ತದೆ ಅಂತ ಕಂಡವರಿಗೆ ಆ ಕಥೆ ಬೇರೆಯೇ ಥರ ಓದಿಸುತ್ತದೆ. ಒಂದು ದೊಡ್ಡ ಯಂತ್ರ ನಿಲ್ಲಬಾರದು, ನಿಂತರೆ ಎಲ್ಲರೂ ಹೋದರು, ಹಾಗಂತ ಯಂತ್ರ ನಡೆಸುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅವರ ಎಷ್ಟೋ ಕಥೆಗಳಲ್ಲಿ ಬರುವವರು ಇಂಥ ಹೆಸರಿಲ್ಲದ ಕೆಲಸಗಾರರೇ.

ತಾನು ಬರೆಯುವುದನ್ನು ಅವರು ಸಹೋದ್ಯೋಗಿಗಳಿಂದ ಬಹಳ ಕಾಲ ಮುಚ್ಚಿಟ್ಟಿದ್ದರು ಅಂತ ಓದಿದ್ದೇನೆ. ಅದು ನಮಗೆ ಚೆನ್ನಾಗಿ ಅರ್ಥ ಆಗುತ್ತದೆ. ಎಂಜಿನಿಯರ್ ಒಬ್ಬ ಅನ್ಯಗ್ರಹದ ಕಥೆ ಬರೆಯುತ್ತಾನೆ ಅಂತ ಗೊತ್ತಾದರೆ ಅವನ ರೀಡಿಂಗ್ ಮೇಲೆ ಯಾರು ನಂಬಿಕೆ ಇಡುತ್ತಾರೆ? ಕೊನೆಗೆ ಮೂರನೆಯ ಭಾಗ ಬರೆಯುವ ಹೊತ್ತಿಗೆ ಆ ಸ್ಥಾವರವೇ ಮಾಲಿನ್ಯದ ಕಾರಣಕ್ಕೆ ಮುಚ್ಚುವ ಸ್ಥಿತಿಗೆ ಬಂತು. ಎರಡು ದಶಕ ಊಟ ಹಾಕಿದ ಜಾಗ ಆರುತ್ತಿರುವಾಗ ಬ್ರಹ್ಮಾಂಡವೇ ಆರಿಹೋಗುವ ಪುಸ್ತಕ ಬರೆಯುತ್ತಿದ್ದರು. ಇದನ್ನು ಸುಮ್ನೆ ಕಾಕತಾಳೀಯ ಅಂತ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಭೌತಶಾಸ್ತ್ರದ ಮೇಡಂ:

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾದಂಬರಿಯ ಹೆಸರಿನ ಬಗ್ಗೆ ಮಕ್ಕಳು ಕೇಳುತ್ತಿರುತ್ತಾರೆ, ಹಾಗಾಗಿ ಇಲ್ಲೂ ಹೇಳಿಬಿಡುತ್ತೇನೆ.

ಎರಡು ಕಾಯಗಳು ಒಂದನ್ನೊಂದು ಎಳೆದುಕೊಂಡು ಸುತ್ತುತ್ತಿದ್ದರೆ ನ್ಯೂಟನ್ ನಿಯಮದಿಂದ ಅವುಗಳ ದಾರಿಯನ್ನು ಸೂತ್ರದಲ್ಲಿ ಬರೆದು ಕೊಡಬಹುದು. ಮೂರನೆಯದು ಸೇರಿದ ಕೂಡಲೇ ಎಲ್ಲ ಸಂದರ್ಭಕ್ಕೂ ಹೊಂದುವ ಅಂಥ ಸರಳ ಸೂತ್ರ ಸಿಗುವುದಿಲ್ಲ. ಸ್ವೀಡನ್ ರಾಜ ಎರಡನೇ ಆಸ್ಕರ್ ಹೆಸರಿನಲ್ಲಿ ಇಟ್ಟಿದ್ದ ಬಹುಮಾನಕ್ಕಾಗಿ ಫ್ರೆಂಚ್ ಗಣಿತಜ್ಞ ಪಾಯಿನ್‌ಕರೆ 1880ರ ದಶಕದ ಕೊನೆಗೆ ಇದರ ಹಿಂದೆ ಬಿದ್ದಿದ್ದರು. ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದರೂ ಮುಂದೆ ದಾರಿ ಪೂರ್ತಿ ಬೇರೆಯಾಗಬಹುದು ಅಂತ ಅವರಿಗೆ ಕಂಡಿತು. ಕಂಪ್ಯೂಟರ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಬಹುದು, ಆದರೆ ಬಹಳ ದೂರದ ಭವಿಷ್ಯ ಕೈಗೆ ಸಿಗುವುದಿಲ್ಲ.

ಲಿಯೂ ಇದನ್ನು ಒಂದು ಜನಾಂಗದ ಹಣೆಬರಹ ಮಾಡಿದರು. ಮೂರು ಸೂರ್ಯರ ನಡುವೆ ಸಿಕ್ಕಿಕೊಂಡ ಗ್ರಹ. ನಾಳೆ ಬೆಳಗಾಗುತ್ತದೋ ಇಲ್ಲವೋ ಗೊತ್ತಿಲ್ಲ, ಬೆಳಗಾದರೆ ಸುಟ್ಟು ಹೋಗುತ್ತೇವೋ ಅದೂ ಗೊತ್ತಿಲ್ಲ. ಪಂಚಾಂಗವೇ ಬರೆಯಲಾಗದ ಲೋಕ. ಅಂಥವರಿಗೆ ನಮ್ಮ ಒಂದೇ ಸೂರ್ಯನ ಭೂಮಿ ಸ್ವರ್ಗದ ಹಾಗೆ ಕಾಣದೆ ಇನ್ನೇನು?

ಒಂದು ತಿದ್ದುಪಡಿ ಮಾತ್ರ ಹೇಳಬೇಕು, ಮಕ್ಕಳು ತಪ್ಪು ತಿಳಿಯಬಾರದು. ಆ ನಕ್ಷತ್ರಗಳು ನಿಜವಾಗಿ ಇವೆ. ಆಲ್ಫಾ ಸೆಂಟಾರಿಯ ಎ ಮತ್ತು ಬಿ ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯದಾದ ಪ್ರಾಕ್ಸಿಮಾ ನಮ್ಮಿಂದ 4.2 ಜ್ಯೋತಿರ್ವರ್ಷ ದೂರ. ಅದು ಆ ಎರಡರಿಂದ ಬಹಳ ದೂರದಲ್ಲಿದೆ, ಒಂದು ಸುತ್ತಿಗೆ ಐದು ಲಕ್ಷ ವರ್ಷಕ್ಕೂ ಜಾಸ್ತಿ ಬೇಕು. ಹಾಗಾಗಿ ಅಲ್ಲಿ ಕಾದಂಬರಿಯಲ್ಲಿ ಇರುವಂಥ ಗೊಂದಲ ಇಲ್ಲ, ಸಾಕಷ್ಟು ನೆಮ್ಮದಿಯ ಸಂಸಾರ. ಕಾದಂಬರಿಯಲ್ಲಿ ಆಕಾಶಕ್ಕೆ ಸಂದೇಶ ಕಳಿಸಲು ಸೂರ್ಯನನ್ನು ರೇಡಿಯೋ ಆಂಪ್ಲಿಫೈಯರ್ ಮಾಡುವುದೂ ಕಲ್ಪನೆಯೇ. ಆದರೂ ನಾನು ದೂರುವುದಿಲ್ಲ. ಒಂದು ಕಡೆ ಸುಳ್ಳು ಇಟ್ಟುಕೊಂಡು ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಯನ್ನೂ ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಹಾಕುವವರು ಕಡಿಮೆ.

ಸಿಂಗಪುರದ ಕನ್ನಡಿಗ:

ಇಲ್ಲಿಗೆ ಬಂದು ಚೀನೀ ಭಾಷೆ ಕಲಿತೆ. ಹಾಗಾಗಿ ಹೆಸರುಗಳ ಬಗ್ಗೆ ಎರಡು ಮಾತು. ಈ ಮೂರು ಪುಸ್ತಕಗಳಿಗೆ ಮೂಲದಲ್ಲಿ ಒಟ್ಟು ಹೆಸರು 'ಭೂಮಿಯ ಹಳೇ ಸಂಗತಿಗಳು' ಅನ್ನುವ ಅರ್ಥದ್ದು. ಎರಡನೆಯದು 'ಕಗ್ಗಾಡು'. ಮೂರನೆಯದಕ್ಕೆ ಇಂಗ್ಲಿಷಿನಲ್ಲಿ 'ಸಾವಿನ ಕೊನೆ' ಅಂತ ಇಟ್ಟಿದ್ದಾರೆ. ಮೂಲದ ಹೆಸರು ಬೇರೆ, ಕನ್ನಡದಲ್ಲಿ ಹೇಳುವುದಾದರೆ 'ಯಮನಿಗೆ ಸಾವಿಲ್ಲ'. ಪುಸ್ತಕ ಓದಿ ಮುಗಿಸಿದ ಮೇಲೆ ನನಗೆ ಮೂಲದ ಹೆಸರೇ ಸರಿ ಅನ್ನಿಸಿತು.

ಇನ್ನೊಂದು ಸಂಗತಿ. ಇಂಗ್ಲಿಷಿನಲ್ಲಿ ಕಾದಂಬರಿ ಸಾಂಸ್ಕೃತಿಕ ಕ್ರಾಂತಿಯಿಂದ ಶುರುವಾಗುತ್ತದೆ, ಪ್ರೊಫೆಸರ್ ಒಬ್ಬರನ್ನು ಮಗಳ ಕಣ್ಣೆದುರೇ ಹೊಡೆದು ಸಾಯಿಸುವ ದೃಶ್ಯ. ಚೀನೀ ಪುಸ್ತಕದಲ್ಲಿ ಅದು ನಡುವೆ ಎಲ್ಲೋ ಬರುತ್ತದೆ. ಆ ಅಧ್ಯಾಯ ಮೊದಲೇ ಇದ್ದರೆ ಸರ್ಕಾರದ ಕಣ್ಣು ಬಿದ್ದೀತು ಅಂತ ಪ್ರಕಾಶಕರಿಗೆ ಅಂಜಿಕೆ ಇತ್ತು. ಅನುವಾದ ಮಾಡಿದ ಕೆನ್ ಲಿಯೂ ಇದನ್ನು ಮುಂದಕ್ಕೆ ತರೋಣವಾ ಅಂತ ಕೇಳಿದಾಗ, ನಾನು ಮೊದಲು ಬಯಸಿದ್ದೇ ಹಾಗೆ ಅಂತ ಲೇಖಕರು ಒಪ್ಪಿದರು. ಹಾಗಾಗಿ ಲೇಖಕರು ಬಯಸಿದ ಕ್ರಮದಲ್ಲಿ ಪುಸ್ತಕ ಓದಲು ಸಿಕ್ಕಿದ್ದು ಪರಭಾಷೆಯವರಿಗೆ. (ಇಬ್ಬರದೂ ಲಿಯೂ ಅಂತಲೇ ಇದೆ, ನೆಂಟರಲ್ಲ. ಕೆನ್ ಲಿಯೂ ಅಮೆರಿಕದವರು, ಸ್ವತಃ ದೊಡ್ಡ ಕಥೆಗಾರರು. ಹ್ಯೂಗೋ ವೇದಿಕೆಯಲ್ಲಿ ಪ್ರಶಸ್ತಿ ತಗೊಂಡವರೂ ಅವರೇ.)

ಆ ಪತ್ರಿಕೆಯ ಬಗ್ಗೆಯೂ ಹೇಳಬೇಕು. 1983ರ ಸುಮಾರಿಗೆ ಚೀನಾದಲ್ಲಿ 'ಮನಸ್ಸಿನ ಮಾಲಿನ್ಯ'ದ ವಿರುದ್ಧ ಅಂತ ಒಂದು ಚಳವಳಿ ನಡೆಯಿತು. ವೈಜ್ಞಾನಿಕ ಕಥೆಗಳ ಮೇಲೂ ಕಲ್ಲು ಬಿತ್ತು, ಒಂದೊಂದೇ ಪತ್ರಿಕೆ ಮುಚ್ಚಿತು. ಚೆಂಗ್ಡುವಿನದು ಉಳಿದುಕೊಂಡಿತು. ಅದರ ಸಂಪಾದಕಿ ಯಾಂಗ್ ಶಿಯಾವೋ 1990ರಲ್ಲಿ ವಿಮಾನಕ್ಕೆ ದುಡ್ಡು ಸಾಲದೆ ರೈಲಿನಲ್ಲಿ ಎಂಟು ದಿನ ಪ್ರಯಾಣ ಮಾಡಿ ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೆ ಹೋಗಿ, ವೈಜ್ಞಾನಿಕ ಕಥೆಗಾರರ ಮುಂದಿನ ವರ್ಷದ ಅಂತರರಾಷ್ಟ್ರೀಯ ಸಮ್ಮೇಳನ ತಮ್ಮ ಊರಿನಲ್ಲೇ ನಡೆಯುವ ಹಾಗೆ ಮಾಡಿಕೊಂಡು ಬಂದರು. ಇಂಥ ಹಟ ಇಲ್ಲದಿದ್ದರೆ ಲಿಯೂ ಕಥೆ ಕಳಿಸಲು ವಿಳಾಸವೇ ಇರುತ್ತಿರಲಿಲ್ಲ.

1999ರ ಜುಲೈನಲ್ಲಿ ಇನ್ನೊಂದು ನಡೆಯಿತು. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಅಂದರೆ ಅಲ್ಲಿನ ಮನೆಮನೆಯ ಜೀವನ್ಮರಣದ ವಿಷಯ. ಆ ವರ್ಷ ಪ್ರಬಂಧಕ್ಕೆ ಬಂದ ವಿಷಯ 'ನೆನಪನ್ನು ಒಬ್ಬರಿಂದ ಒಬ್ಬರಿಗೆ ಕಸಿ ಮಾಡುವಂತಿದ್ದರೆ'. ಅದೇ ತಿಂಗಳ 'ಸೈನ್ಸ್ ಫಿಕ್ಷನ್ ವರ್ಲ್ಡ್' ಸಂಚಿಕೆಯಲ್ಲಿ ಅದೇ ವಿಷಯದ ಬರಹ ಇತ್ತು! ಅಲ್ಲಿಯ ತನಕ ಮಕ್ಕಳ ಕೈಯಿಂದ ಪತ್ರಿಕೆ ಕಿತ್ತುಕೊಳ್ಳುತ್ತಿದ್ದ ಅಪ್ಪ ಅಮ್ಮಂದಿರು ತಾವೇ ಕೊಂಡು ತಂದುಕೊಟ್ಟರು. ಲಿಯೂ ಮೊದಲ ಕಥೆ ಬಂದದ್ದು ಇದಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು. ಓದುಗರು ತಾವಾಗಿಯೇ ಬಂದು ಬಾಗಿಲಲ್ಲಿ ನಿಂತ ಹೊತ್ತು ಅದು.

ಓದುಗಿ ಧಾರವಾಡ:

ಎಲ್ಲರೂ ಹೊಗಳುತ್ತಿದ್ದೀರಿ. ನಾನೂ ಮೂರೂ ಪುಸ್ತಕ ಓದಿದ್ದೇನೆ, ರಾತ್ರಿ ನಿದ್ದೆ ಬಿಟ್ಟು ಓದಿದ್ದೇನೆ. ಆದರೆ ಒಂದು ಮಾತು ಹೇಳಲೇಬೇಕು.

ಅವರಿಗೆ ನಕ್ಷತ್ರ ಗೊತ್ತು, ಹೆಣ್ಣುಮಕ್ಕಳು ಅಷ್ಟಾಗಿ ಗೊತ್ತಿಲ್ಲ. ಮೊದಲ ಭಾಗದ ಯೆ ವೆನ್‌ಜಿಯೆ ಬಿಟ್ಟರೆ ನೆನಪಿನಲ್ಲಿ ಉಳಿಯುವ ಹೆಣ್ಣು ಯಾರು? ಎರಡನೆಯ ಭಾಗದಲ್ಲಿ ನಾಯಕ ತನ್ನ ಮನಸ್ಸಿನಲ್ಲೇ ಒಬ್ಬ ಹುಡುಗಿಯನ್ನು ಕಟ್ಟಿಕೊಳ್ಳುತ್ತಾನೆ, ಆಮೇಲೆ ಅಂಥವಳನ್ನೇ ಹುಡುಕಿ ತಂದು ಕೊಡುತ್ತಾರೆ. ಅವಳಿಗೆ ತನ್ನದು ಅಂತ ಒಂದು ಯೋಚನೆಯೂ ಇಲ್ಲ. ಮೂರನೆಯ ಭಾಗದ ಚೆಂಗ್ ಶಿನ್‌ಗೆ ಕರುಣೆ ಜಾಸ್ತಿ, ಅವಳ ಕರುಣೆಯಿಂದಲೇ ಲೋಕಕ್ಕೆ ಕೇಡು ಅನ್ನುವ ಹಾಗೆ ಕಥೆ ನಡೆಯುತ್ತದೆ. ಚೀನಾದ ಓದುಗರೂ ಅವಳನ್ನು ಬೈದದ್ದು ಅಷ್ಟಿಷ್ಟಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಳನ್ನು ಹಾಗೆ ನಿಲ್ಲಿಸಿದವರ ಮೇಲೆ ಬಂತು.

ಯೆ ವೆನ್‌ಜಿಯೆ ಮಾತ್ರ ಅದ್ಭುತ. ಅಪ್ಪನನ್ನು ಕೊಂದ ಲೋಕವನ್ನು ಅವಳು ಕ್ಷಮಿಸುವುದಿಲ್ಲ. ಉತ್ತರ ಕೊಡಬೇಡಿ, ಕೊಟ್ಟರೆ ನಿಮ್ಮ ಲೋಕ ಕೈತಪ್ಪುತ್ತದೆ ಅಂತ ಆಕಾಶದಿಂದ ಎಚ್ಚರಿಕೆ ಬಂದರೂ ಅವಳು ಗುಂಡಿ ಒತ್ತುತ್ತಾಳೆ. ಆ ಪುಟ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಬಂದು ನಿಂತಿದ್ದೆ. ಅವಳು ತಪ್ಪು ಮಾಡಿದಳು ಅಂತ ಹೇಳಲು ಬಾಯಿ ಬರಲಿಲ್ಲ. ಅಂಥ ಒಬ್ಬಳನ್ನು ಬರೆಯಬಲ್ಲವರು ಉಳಿದವರನ್ನು ಯಾಕೆ ಹಾಗೆ ಬಿಟ್ಟರು?

ಕೆರೆದಂಡೆ:

ಅಕ್ಕಾ, ನೀವು ಹೇಳಿದ್ದನ್ನು ತಳ್ಳಿಹಾಕಲು ಆಗುವುದಿಲ್ಲ. ಎರಡನೆಯ ಭಾಗದ ಆ ಹುಡುಗಿಯ ಪುಟಗಳನ್ನು ನಾನೂ ಕಷ್ಟಪಟ್ಟೇ ದಾಟಿದೆ. ಚೆಂಗ್ ಶಿನ್ ವಿಷಯದಲ್ಲಿ ಸ್ವಲ್ಪ ಬೇರೆ ಅನ್ನಿಸುತ್ತದೆ. ಅವಳನ್ನು ಭೂಮಿ ಕಾಯುವ ಆ ಕುರ್ಚಿಗೆ ಆರಿಸಿದವರು ಜನರೇ. ಅವರಿಗೆ ಕರುಣೆಯೇ ಬೇಕಿತ್ತು. ಆದರೂ ನಿಮ್ಮ ಸಿಟ್ಟು ನ್ಯಾಯವಾದದ್ದು.

ಒಟ್ಟಿನಲ್ಲಿ ಅವರ ಪಾತ್ರಗಳು ತೆಳುವು. ಅವರಿಗೆ ಪಾತ್ರ ಅಂದರೆ ಇಡೀ ಮನುಷ್ಯಕುಲ. ನಾನು ಬರೆದದ್ದೆಲ್ಲ ಇಂಗ್ಲಿಷಿನ ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅವರ ಒರಟು ಅನುಕರಣೆ ಅನ್ನುವ ಅರ್ಥದ ಮಾತನ್ನು ಅವರೇ ಹೇಳಿದ್ದಾರೆ. 2018ರಲ್ಲಿ ಅದೇ ಕ್ಲಾರ್ಕ್ ಹೆಸರಿನ ಗೌರವ ವಾಷಿಂಗ್ಟನ್‌ನಲ್ಲಿ ಅವರಿಗೆ ಸಿಕ್ಕಿತು.

ನೇರ ಪ್ರಶ್ನೆ:

ಒಂದನ್ನು ಯಾರೂ ಎತ್ತಲಿಲ್ಲ. 2019ರಲ್ಲಿ ಅಮೆರಿಕದ 'ನ್ಯೂಯಾರ್ಕರ್' ಪತ್ರಿಕೆಯ ಸಂದರ್ಶನದಲ್ಲಿ ಶಿಂಜಿಯಾಂಗ್‌ನ ವೀಗರ್ ಮುಸ್ಲಿಮರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದರ ಬಗ್ಗೆ ಕೇಳಿದಾಗ ಇವರು ಸರ್ಕಾರದ ಪರವಾಗಿ ಮಾತಾಡಿದರು. 2020ರಲ್ಲಿ ಅಮೆರಿಕದ ಐವರು ಸೆನೆಟರ್‌ಗಳು ಇವರ ಪುಸ್ತಕವನ್ನು ಯಾಕೆ ತೆರೆಗೆ ತರುತ್ತೀರಿ ಅಂತ ನೆಟ್‌ಫ್ಲಿಕ್ಸ್‌ಗೆ ಪತ್ರ ಬರೆದರು. ಆ ಮಾತುಗಳನ್ನು ನಾವು ಒಪ್ಪುವುದಿಲ್ಲ, ಅವರು ಈ ಸರಣಿಯ ನಿರ್ಮಾತೃ ಅಲ್ಲ ಅಂತ ಕಂಪನಿ ಉತ್ತರ ಕೊಟ್ಟಿತು. ಸಾಂಸ್ಕೃತಿಕ ಕ್ರಾಂತಿಯ ಆ ಮೊದಲ ದೃಶ್ಯ ಬರೆದ ಕೈ ಇಂಥ ಮಾತನ್ನು ಹೇಗೆ ಆಡಿತು? ಇದಕ್ಕೆ ನಿಮ್ಮ ಉತ್ತರ ಏನು?

ಸಿಂಗಪುರದ ಕನ್ನಡಿಗ:

ಒಳಗಿದ್ದು ಬರೆಯುವವರಿಗೆ ಬೇರೆ ದಾರಿ ಇರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಆ ಸಂದರ್ಶನ ಓದಿದರೆ ಅಷ್ಟೇ ಅನ್ನಿಸುವುದಿಲ್ಲ. ಅವರು ನಂಬಿಯೇ ಹೇಳಿದ ಹಾಗಿದೆ. ದೇಶದಲ್ಲಿ ಗಲಭೆ ಎದ್ದರೆ ಏನಾಗುತ್ತದೆ ಅಂತ ಚಿಕ್ಕಂದಿನಲ್ಲಿ ಕಂಡವರು, ಗಲಭೆಗಿಂತ ಬಿಗಿ ಹಿಡಿತವೇ ಮೇಲು ಅನ್ನುವ ಕಡೆಗೆ ವಾಲಿದ್ದಾರೆ. ಕಾರಣ ಗೊತ್ತಾಯಿತು ಅಂದ ಮಾತ್ರಕ್ಕೆ ಆ ಮಾತು ಸರಿ ಅಂತ ಆಗುವುದಿಲ್ಲ. ಅಲ್ಲಿ ಕೂಡಿಹಾಕಿದ್ದು ಮನುಷ್ಯರನ್ನು.

ಕೆರೆದಂಡೆ:

ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾನು ಆ ಸಂದರ್ಶನ ಓದಿದ ದಿನ ಬೇಸರದಲ್ಲೇ ಇದ್ದೆ. ಅದನ್ನು ಸಮರ್ಥಿಸಲು ನನ್ನಿಂದ ಆಗುವುದಿಲ್ಲ.

ನನ್ನನ್ನು ಕೊರೆಯುವುದು ಇದು. ಆ ಹಿನ್ನುಡಿಯಲ್ಲಿ ಅವರೇ ಬರೆಯುತ್ತಾರೆ: ನಾವು ಆಕಾಶದವರು ಒಳ್ಳೆಯವರಿರುತ್ತಾರೆ ಅಂತ ನಂಬುತ್ತೇವೆ, ಭೂಮಿಯ ಮೇಲಿನ ನಮ್ಮವರ ಜೊತೆ ಕಚ್ಚಾಡುತ್ತೇವೆ, ಇದು ತಿರುಗುಮುರುಗು ಆಗಬೇಕು, ಆಕಾಶದವರ ಬಗ್ಗೆ ಹುಷಾರಾಗಿರಿ, ಭೂಮಿಯವರಿಗೆ ದಯೆ ತೋರಿಸಿ ಅನ್ನುವ ಅರ್ಥದ ಮಾತು. 'ಕಗ್ಗಾಡು' ಪುಸ್ತಕದ ಹೊಳಹೂ ಇದೇ. ಬ್ರಹ್ಮಾಂಡ ಕತ್ತಲ ಕಾಡು, ಪ್ರತಿಯೊಬ್ಬರೂ ಕೈಯಲ್ಲಿ ಕೋವಿ ಹಿಡಿದ ಬೇಟೆಗಾರರು, ಸದ್ದು ಮಾಡಿದವನ ಮೇಲೆ ಗುಂಡು. ಎದುರಿಗಿರುವವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ದಾರಿ ಇಲ್ಲ, ಮಾತಾಡಿ ಮುಗಿಸಲು ದೂರ ಬಿಡುವುದಿಲ್ಲ, ಹಾಗಾಗಿ ಮೊದಲು ಹೊಡೆದವನೇ ಉಳಿದ. ಭೂಮಿಯ ಮೇಲೆ ಹಾಗಿಲ್ಲ, ಇಲ್ಲಿ ಕೇಳಿ ತಿಳಿಯಬಹುದು ಅಂತ ಹಿನ್ನುಡಿ ಹೇಳುತ್ತದೆ. ಸಂದರ್ಶನದಲ್ಲಿ ಅವರು ಕಾಡಿನ ನಿಯಮವನ್ನೇ ತಂದು ತಮ್ಮದೇ ದೇಶದ ಜನಕ್ಕೆ ಹಾಕಿದರು. ಅವರ ಪುಸ್ತಕ ಅವರಿಗಿಂತ ದೊಡ್ಡದು ಅಂತ ನಾನು ಅಂದುಕೊಂಡಿದ್ದೇನೆ. ನಿಮಗೆ ಹಾಗೆ ಅನ್ನಿಸದಿದ್ದರೆ, ಓದುವುದೇ ಬೇಡ ಅನ್ನಿಸಿದರೆ, ಅದೂ ನನಗೆ ಅರ್ಥ ಆಗುತ್ತದೆ.

ಹೊಸಬ:

ನಾನು ಏನೂ ಓದಿಲ್ಲ, 'ಅಲೆಮಾರಿ ಭೂಮಿ' ಸಿನಿಮಾ ಮಾತ್ರ ನೋಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬಾಯ್ಲರ್ ಶಿಫ್ಟ್:

ಆ ಸಿನಿಮಾ 2019ರದ್ದು, ಕಥೆಯಿಂದ ಎಂಜಿನ್‌ಗಳನ್ನು ತಗೊಂಡು ಉಳಿದದ್ದನ್ನು ಬೇರೆ ಮಾಡಿದ್ದಾರೆ. ಮೊದಲು ಸಣ್ಣ ಕಥೆ ಓದಿ ತಮ್ಮಾ. 'ಅವಳ ಕಣ್ಣುಗಳ ಜೊತೆ' ಅಂತ ಒಂದಿದೆ. ಅದು ಚೀನಾದ ಏಳನೇ ತರಗತಿಯ ಪಠ್ಯದಲ್ಲೂ ಇದೆ. ರಜೆಗೆ ಹೋಗುವ ಒಬ್ಬ, ದೂರದಲ್ಲಿ ಕೆಲಸದಲ್ಲಿರುವ ಒಬ್ಬ ಹುಡುಗಿಯ ಪರವಾಗಿ ಹುಲ್ಲು, ಹೂವು, ಮಳೆ ನೋಡುತ್ತಾನೆ. ಅವನು ಏನು ನೋಡಿದರೂ ಅವಳಿಗೆ ಕಾಣುತ್ತದೆ. ಅವಳು ಎಲ್ಲಿದ್ದಾಳೆ ಅನ್ನುವುದನ್ನು ನಾನು ಹೇಳುವುದಿಲ್ಲ. ಅದು ಹಿಡಿಸಿದರೆ ಮೂರು ದೊಡ್ಡ ಪುಸ್ತಕಗಳಿಗೆ ಹೋಗಿ. ನೆಟ್‌ಫ್ಲಿಕ್ಸ್‌ನವರು ಅರ್ಧ ಕಥೆಯನ್ನು ಬ್ರಿಟನ್ನಿಗೆ ಸಾಗಿಸಿಬಿಟ್ಟಿದ್ದಾರೆ. ಟೆನ್ಸೆಂಟ್‌ನ 2023ರ ಚೀನೀ ಸರಣಿ ಮೂವತ್ತು ಕಂತು, ನಿಧಾನ, ಆದರೆ ಪುಸ್ತಕಕ್ಕೆ ಹತ್ತಿರ.

ಕೆರೆದಂಡೆ:

ಮೇಡಂ, ನೀವು ಕಲಿಸುವವರು ಅಂದಿರಲ್ಲ, 'ಹಳ್ಳಿಯ ಮೇಷ್ಟ್ರು' ಓದಿದ್ದೀರಾ? 2001ರ ಕಥೆ. ಬೆಟ್ಟದ ಮೇಲಿನ ಬಡ ಹಳ್ಳಿಯ ಶಾಲೆ. ಒಬ್ಬರೇ ಮೇಷ್ಟ್ರು, ಕ್ಯಾನ್ಸರ್‌ನಿಂದ ಸಾಯುತ್ತಿದ್ದಾರೆ. ಈ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಓದುವುದಿಲ್ಲ ಅಂತ ಗೊತ್ತಿದ್ದೂ ಕೊನೆಯ ರಾತ್ರಿ ಹಾಸಿಗೆಯಲ್ಲೇ ನ್ಯೂಟನ್‌ನ ಮೂರು ನಿಯಮ ಬಾಯಿಪಾಠ ಮಾಡಿಸುತ್ತಾರೆ. ಅರ್ಥ ಆಗದಿದ್ದರೂ ಪರವಾಗಿಲ್ಲ, ನೆನಪಿಟ್ಟುಕೊಳ್ಳಿ ಅನ್ನುತ್ತಾರೆ. ಅದೇ ಹೊತ್ತಿಗೆ ಆಕಾಶದಲ್ಲಿ ಯಾರೋ ದೊಡ್ಡವರು ಯುದ್ಧಕ್ಕಾಗಿ ನಕ್ಷತ್ರಗಳನ್ನು ನಾಶ ಮಾಡುತ್ತಾ ಬ್ರಹ್ಮಾಂಡದ ಈ ಮೂಲೆಗೆ ಬಂದಿರುತ್ತಾರೆ. ಬುದ್ಧಿ ಇರುವ ಜೀವಿಗಳ ಲೋಕವಾದರೆ ಬಿಡಬೇಕು ಅಂತ ಪರೀಕ್ಷೆ ಮಾಡುತ್ತಾರೆ. ಅವರ ಕೈಗೆ ಸಿಕ್ಕಿದ್ದು ಈ ಮಕ್ಕಳು. ಒಂದೊಂದೇ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಕೊನೆಗೆ ವಸ್ತುಗಳ ಚಲನೆಯ ಬಗ್ಗೆ ಕೇಳುತ್ತಾರೆ. ಮಕ್ಕಳು ಒಟ್ಟಿಗೆ ಹೇಳುತ್ತಾರೆ.

ಇಷ್ಟು ನಿಧಾನದ ಬಾಯಿಮಾತಿನಿಂದ ಇವರು ಜ್ಞಾನವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟಿಸುತ್ತಾರೆ ಅಂತ ಆ ದೊಡ್ಡವರಿಗೆ ಆಶ್ಚರ್ಯ. ಇವರಲ್ಲಿ ಅದಕ್ಕೇ ಅಂತ ಒಂದು ಬಗೆಯ ಜನ ಇದ್ದಾರೆ, ಅವರನ್ನು ಮೇಷ್ಟ್ರು ಅನ್ನುತ್ತಾರೆ ಅಂತ ಅವರವರೇ ಮಾತಾಡಿಕೊಳ್ಳುತ್ತಾರೆ.

ಭೌತಶಾಸ್ತ್ರದ ಮೇಡಂ:

ಓದಿರಲಿಲ್ಲ. ನಿನ್ನೆ ರಾತ್ರಿ ಓದಿದೆ. ಎರಡು ಸಲ ಓದಿದೆ. ನಾಳೆ ಒಂಬತ್ತನೇ ಕ್ಲಾಸಿಗೆ ಚಲನೆಯ ನಿಯಮಗಳ ಪಾಠ ಇದೆ, ಪುಸ್ತಕ ಬದಿಗಿಟ್ಟು ಮೊದಲು ಈ ಕಥೆ ಹೇಳುತ್ತೇನೆ.

ಭೌತಶಾಸ್ತ್ರದ ಮೇಡಂ:

ಹೇಳಿದೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಆಕಾಶದವರು ಪ್ರಶ್ನೆ ಕೇಳುವ ಜಾಗಕ್ಕೆ ಬಂದು ನಾನು ಸುಮ್ಮನಾದೆ. ಹಿಂದಿನ ಬೆಂಚಿನವರಿಂದ ಶುರುವಾಗಿ ಮೂರೂ ನಿಯಮ ಅವರೇ ಹೇಳಿದರು, ಎರಡನೆಯದರಲ್ಲಿ ತಪ್ಪಿತು, ಮುಂದಿನ ಬೆಂಚಿನವರು ತಿದ್ದಿದರು. ಆಮೇಲೆ ಒಬ್ಬಳು ಎದ್ದು ನಿಂತು ಕೇಳಿದಳು, ಮಿಸ್, ಆಕಾಶದವರಿಗೆ ಇದನ್ನು ಯಾರು ಹೇಳಿಕೊಟ್ಟಿದ್ದು?